ಫೋನ್ ತಂತಿಯಲ್ಲಿ ಬಂದವನು

ದೆವ್ವಕ್ಕೆ ಹೆದರುವವರನ್ನು ಕಂಡು ನಗುವ ಹಕ್ಕು ಕಂಪ್ಯೂಟರ್ ಮೇಷ್ಟ್ರಿಗೆ ತಾನಾಗಿಯೇ ಬಂದಿರುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ತಂತಿಯಲ್ಲಿ ಹರಿಯುವುದು ವಿದ್ಯುತ್ತು. ಅದಕ್ಕೆ ಮನಸ್ಸೂ ಇಲ್ಲ, ಮುನಿಸೂ ಇಲ್ಲ. ಈ ಧೈರ್ಯದ ಮೇಲೆಯೇ, ಇಂಟರ್ನೆಟ್ ಇನ್ನೂ ಫೋನಿನೊಳಗೆ ಕೀರಲು ದನಿ ಮಾಡುತ್ತಾ ಬರುತ್ತಿದ್ದ ಕಾಲದಲ್ಲಿ, ಸಕಲೇಶಪುರದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮಹಡಿಯ ಮೇಲೆ ನೆಟ್‌ವರ್ಕಿಂಗ್ ಪಾಠ ಹೇಳುತ್ತಿದ್ದೆ. ಆ ತರಬೇತಿ ಕೇಂದ್ರ ನಡೆಸುತ್ತಿದ್ದವರು ಹೊಂಗಡಹಳ್ಳದ ಕಾಫಿ ಬೆಳೆಗಾರರ ಮನೆಯ ಯಶೋದಮ್ಮ. ನಾಲ್ಕು ಕಂಪ್ಯೂಟರು, ನಡುವೆ ಹಸಿರು ದೀಪ ಮಿಟುಕಿಸುವ ಹಬ್ ಎಂಬ ಪೆಟ್ಟಿಗೆ, ಎಲ್ಲದರಿಂದಲೂ ಅದಕ್ಕೆ ತಂತಿ. ಒಂದು ಕಂಪ್ಯೂಟರಿಗೆ ಮಾತ್ರ ಫೋನ್ ಸಂಪರ್ಕ. "ಒಂದೇ ಮನೆಯ ಅಣ್ಣತಮ್ಮಂದಿರಿದ್ದಂತೆ" ಎಂದು ವಿವರಿಸುತ್ತಿದ್ದೆ. ಅಣ್ಣತಮ್ಮಂದಿರ ನಡುವೆ ಬೀಗವೇಕೆಂದು ಯಾವುದಕ್ಕೂ ಪಾಸ್‌ವರ್ಡ್ ಇಟ್ಟಿರಲಿಲ್ಲ. ನನ್ನ ಸ್ವಂತ ಅಣ್ಣಂದಿರ ಬೀರುಗಳಿಗೆ ಬೀಗವಿದ್ದುದನ್ನು ನೋಡಿಯೂ ನನಗೆ ಬುದ್ಧಿ ಬಂದಿರಲಿಲ್ಲ.

ಒಂದು ಮಧ್ಯಾಹ್ನ ಮಂಜು ಕವಿದು ಎದುರಿನ ಅಂಗಡಿಸಾಲೇ ಕಾಣದಂತಾಗಿತ್ತು. ಕುಂದೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ವಿದ್ಯಾರ್ಥಿನಿ ಲೀಲಾವತಿ, ಫೋನಿದ್ದ ಕಂಪ್ಯೂಟರಿನ ಮುಂದೆ ಕೂತು ತನ್ನ ಹೆಸರು ಟೈಪ್ ಮಾಡುತ್ತಿದ್ದಳು. ಸಿ.ಡಿ. ಇಡುವ ತಟ್ಟೆ ಮೆಲ್ಲನೆ ಹೊರಗೆ ಬಂತು. ಅವಳು ಒಳಗೆ ತಳ್ಳಿದಳು. ಮತ್ತೆ ಬಂತು.

"ಸಾರ್, ಇದು ನಾಲ್ಗೆ ಚಾಚ್ತೈತೆ."

"ಗುಂಡಿ ಒತ್ತಿರ್ತೀಯ ಕಣಮ್ಮ."

"ಕೈ ಇಲ್ಲೈತಲ್ಲ ಸಾರ್!" ಅವಳು ಎರಡೂ ಕೈ ಎತ್ತಿ ತೋರಿಸಿದಳು. ಆಗ ಪರದೆಯ ಮೇಲೆ ಬಾಣದ ಗುರುತು ತಾನಾಗಿಯೇ ಸರಿಯಿತು. ಪಕ್ಕದ ಕಂಪ್ಯೂಟರುಗಳ ಕಡತಗಳು ಒಂದೊಂದಾಗಿ ತೆರೆದುಕೊಂಡವು, ಯಾರೋ ಮನೆಯ ಕೋಣೆಗಳನ್ನೆಲ್ಲ ಸಾವಕಾಶವಾಗಿ ನೋಡುತ್ತಾ ಹೋದ ಹಾಗೆ. ಕೊನೆಗೆ ಚಿಕ್ಕದೊಂದು ಚೌಕ ಮೂಡಿ, ಅದರಲ್ಲಿ ಇಂಗ್ಲಿಷ್ ಅಕ್ಷರಗಳು ಬಂದವು: ಹಲೋ ಲೀಲಾವತಿ.

ಉಳಿದ ವಿದ್ಯಾರ್ಥಿಗಳು ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲಿಳಿದು ಓಡಿದರು. ಗಲಾಟೆ ಕೇಳಿ ಯಶೋದಮ್ಮ ಬಂದರು. "ಏನ್ ಮೇಷ್ಟ್ರೇ ಇದು? ಈ ಬಿಲ್ಡಿಂಗಲ್ಲಿ ಮೊದ್ಲು ಯಾರಾದ್ರೂ ಸತ್ತಿದ್ರಾ? ಹುಡುಗ್ರು ವಾಪಸ್ ಬರ್ದಿದ್ರೆ ಬಾಗ್ಲು ಹಾಕೋದೇ ಸೈ ಮಾರಾಯ್ರೇ." ವಿದ್ಯುತ್ತಿಗೆ ಮನಸ್ಸಿಲ್ಲ ಎಂದು ಹೇಳಬೇಕಾದ ನಾನು ಬಾಗಿಲಿನ ಕಡೆಗೆ ಎರಡು ಹೆಜ್ಜೆ ಸರಿದಿದ್ದೆ.

ಲೀಲಾವತಿ ಮಾತ್ರ ಕದಲಲಿಲ್ಲ. ಯಾರು ನೀನು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ಒಳಗಿದ್ದೇನೆ ಎಂದು ಇಂಗ್ಲಿಷಿನಲ್ಲೇ ಉತ್ತರ ಬಂತು. ಅವಳು ಸ್ವಲ್ಪ ಯೋಚಿಸಿದಳು. ಮನೆಗೆ ಬಂದವರನ್ನು ಇನ್ನೇನು ಕೇಳುವುದು? ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆದಳು: ಊಟ ಆಯ್ತಾ?

ಬಾಣ ನಿಂತಿತು. ಆಮೇಲೆ ಕನ್ನಡದಲ್ಲೇ ಬಂತು: ಇನ್ನೂ ಇಲ್ಲ.

ಅಲ್ಲಿಯವರೆಗೆ ಅದು ಎಲ್ಲೋ ಸಮುದ್ರದಾಚೆಯದು ಎಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಳ್ಳುತ್ತಿದ್ದೆ. ಈಗ ಅದು ನಮ್ಮ ಕಡೆಯದೇ ಎಂದು ತಿಳಿದು, ಫೋನ್ ತಂತಿಯನ್ನು ಕಿತ್ತು ಎಳೆದೆ. ತಟ್ಟೆ ಮತ್ತೆ ಹೊರಗೆ ಬರಲಿಲ್ಲ.

ಹುಡುಕಿದಾಗ ಸಿಕ್ಕಿತು: ಇ-ಮೇಲಿನಲ್ಲಿ ಬಂದ ಒಂದು ಶುಭಾಶಯ ಪತ್ರದೊಳಗೆ ಅಡಗಿ ಕೂತಿದ್ದ ಕಳ್ಳ ಪ್ರೋಗ್ರಾಮು. ನಾವು ಒತ್ತಿದ ಅಕ್ಷರಗಳನ್ನೆಲ್ಲ ಓದಿ, ದೂರದಿಂದ ಯಂತ್ರವನ್ನು ಆಡಿಸಲು ಬಿಡುವಂಥದ್ದು. ಅಪರಿಚಿತರ ಶುಭಾಶಯಕ್ಕೆ ಆಸೆಪಟ್ಟು ಅದನ್ನು ತೆರೆದವರು ಯಾರೆಂದು ಹೇಳಬೇಕಾಗಿಲ್ಲ. ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿದೆ. ಅದನ್ನು ಆಡಿಸಿದವನು ಯಾರೆಂಬುದು ಮಾತ್ರ ತಿಳಿಯಲಿಲ್ಲ. ಮುಂದೆ ಎಷ್ಟೋ ದಿನ, ಮಂಜಿನಲ್ಲಿ ಎದುರಾಗುವ ಮುಖಗಳನ್ನೆಲ್ಲ ಇವನೇ ಇರಬಹುದೇ ಎಂದು ದಿಟ್ಟಿಸುತ್ತಿದ್ದೆ.

ಓಡಿದವರನ್ನು ಲೀಲಾವತಿಯೇ ಮಾತಾಡಿಸಿ ಕರೆತಂದಳು. ನಾನು ಗಂಟಲು ಸರಿಮಾಡಿಕೊಂಡು ಹೊಸ ಪಾಠ ಶುರುಮಾಡಿದೆ: ಪಾಸ್‌ವರ್ಡ್ ಊಹಿಸಲಾಗದಂತಿರಬೇಕು, ಯಾರಿಗೂ ಹೇಳಬಾರದು. ಯಶೋದಮ್ಮ ಅದನ್ನು ಇಡುವ ಕೆಲಸವನ್ನು ಲೀಲಾವತಿಗೇ ವಹಿಸಿದರು. ಮರುದಿನ ಕೇಳಿದೆ, "ಏನಿಟ್ಟಿದ್ದೀಯಮ್ಮ?"

"ಯಾರ್ಗೂ ಹೇಳ್ಬಾರ್ದು ಅಂದ್ರಲ್ಲ ಸಾರ್."

"ನಾನು ಮೇಷ್ಟ್ರು ಕಣಮ್ಮ!"

"ಅವತ್ತು ಅವ್ನನ್ನ ಒಳಕ್ ಬುಟ್ಟಿದ್ದೂ ಮೇಷ್ಟ್ರೇ ಅಲ್ವಾ ಸಾರ್?"

ಯಶೋದಮ್ಮ ಹೌದೆಂಬಂತೆ ತಲೆಯಾಡಿಸಿದರು. ಅಂದಿನಿಂದ ನೆಟ್‌ವರ್ಕ್ ಭದ್ರತೆಯ ಮೇಷ್ಟ್ರಾದ ನಾನು, ಪ್ರತಿದಿನ ಬೆಳಿಗ್ಗೆ ಕುಂದೂರಿನ ಬಸ್ಸು ಬರುವವರೆಗೆ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದೆ.