ಕಾಫಿ ಹೇಳುವ ಡಬ್ಬಿ

ಯಂತ್ರ ಅಪ್ಪಣೆ ಕೊಡದೆ ಕಾಫಿ ಕುಡಿಯದ ಮನುಷ್ಯ ಯಾರಾದರೂ ಇದ್ದರೆ ಅದು ನನ್ನ ಭಾವ!

ಸೋದರಮಾವನ ಮಗ. ಕುಮಟಾದಲ್ಲಿ ನಮ್ಮಿಬ್ಬರ ಪಾಲಿನ ಅಂಗಡಿಯಿದೆ. ಮೀನಿನ ಕೋಲ್ಡ್ ಸ್ಟೋರೇಜುಗಳಿಗೆ ತಂಪು ಅಳೆಯುವ ಡಬ್ಬಿ ಮಾಡಿಕೊಡುತ್ತೇವೆ. ಡಬ್ಬಿಯ ಬುದ್ಧಿ ಅವನದು, ಗಿರಾಕಿಗಳ ಜೊತೆ ಮಾತು ನನ್ನದು. ಕಂಪ್ಯೂಟರಿನದು ಹದಿನಾರರ ಲೆಕ್ಕವಂತೆ. ಒಂಬತ್ತರ ಆಚೆ ಅಂಕಿ ಸಾಲದೆ ‘ಎ’ಯಿಂದ ‘ಎಫ್’ವರೆಗೆ ಆರು ಅಕ್ಷರ ಬಳಸುತ್ತಾರೆ. ಉಳಿದವರು ಅದರಲ್ಲಿ ಸಂಕೇತ ಬರೆದರೆ ಇವನು ಮಾತನ್ನೇ ಬರೆದ! ತಂಪು ಕೆಟ್ಟರೆ ಪರದೆಯ ಮೇಲೆ ಡಿ, ಇ, ಎ, ಡಿ. ಸರಿಯಿದ್ದರೆ ಸಿ, ಸೊನ್ನೆ, ಎಫ್, ಎಫ್, ಇ, ಇ. ಸೊನ್ನೆಯನ್ನು ‘ಓ’ ಎಂದುಕೊಳ್ಳಿ, ಕಾಫಿ!

ಶಿರಾಲಿಯ ಮೀನು ವ್ಯಾಪಾರಿಯೊಬ್ಬರು ಒಮ್ಮೆ ಗಾಬರಿಯಿಂದ ಫೋನ್ ಮಾಡಿದ್ದರು.

“ಡೆಡ್ ಅಂತ ಬರ್ತಾ ಉಂಟಲ್ಲ, ಎಂತ ಸತ್ತದ್ದು?”

“ಬಾಗಿಲು ಹಾಕದಿದ್ರೆ ನಿಮ್ಮ ಮೀನು,” ಎಂದ ಭಾವ.

“ಅದು ಮೊದಲೇ ಸತ್ತದ್ದಲ್ವಾ ಮಾರಾಯ್ರೇ!”

ಹೊಸ ಡಬ್ಬಿ ಪರೀಕ್ಷೆಗಿಟ್ಟು, ಕಾಫಿ ಎಂದು ಮೂಡಿದ ಕೂಡಲೇ ಅವನು ಎದ್ದು ನಿಲ್ಲುತ್ತಿದ್ದ. “ಡಬ್ಬಿ ಹೇಳಿ ಆತು. ಹೋಪನ ಭಾವ?” ಎದುರಿನ ಹೋಟೆಲಿಗೆ ಹೀಗೆ ಒಂಬತ್ತು ವರ್ಷ ಹೋದೆವು.

ಆಮೇಲೆ ಹೊನ್ನಾವರದಲ್ಲಿ ದೊಡ್ಡದೊಂದು ಆರ್ಡರ್ ಸಿಗುವಂತಾಯಿತು. ತೋರಿಸಲು ಹೋದೆವು. ಅಲ್ಲಿಯ ಮ್ಯಾನೇಜರು ಪರದೆ ನೋಡಿ ಹುಬ್ಬು ಗಂಟಿಕ್ಕಿದರು.

“ಇದೆಂತ, ಆಟಿಕೆಯಾ?”

ಭಾವ ನನ್ನ ಹಿಂದೆ ಎರಡೇ ಹೆಜ್ಜೆ ದೂರದಲ್ಲಿದ್ದ. ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ನಾನು ನಕ್ಕೆ. ನಕ್ಕದ್ದು ಸರಿಯಾಗಿ ನೆನಪಿದೆ.

“ಕ್ಷಮಿಸಿ ಸರ್, ನಮ್ಮ ಕೆಲಸದವನ ಹುಚ್ಚಾಟ. ತೆಗೆಸ್ತೇನೆ.”

ಪಾಲುದಾರ ಎನ್ನಬಹುದಿತ್ತು. ಭಾವ ಎನ್ನಬಹುದಿತ್ತು. ಆರ್ಡರ್ ಸಿಕ್ಕಿತು.

ಮರುದಿನ ಅಂಗಡಿಯ ಅಷ್ಟೂ ಡಬ್ಬಿಗಳಲ್ಲಿ ಕಾಫಿಯ ಜಾಗದಲ್ಲಿ ಆರಾರು ಸೊನ್ನೆ.

“ಎಲ್ಲ ಸರಿ ಇದ್ದು, ಸರ್,” ಎಂದ. ನನಗೆ, ಸರ್!

“ಎಂತಾ ಸರ್ರೋ ಮಾರಾಯ! ಬಾ, ಕಾಫಿಗೆ ಹೋಪನ.”

“ಸೊನ್ನೆಗೆ ಕಾಫಿ ಇಲ್ಲೆ, ಸರ್.”

ಇದನ್ನು ಹೇಳಿದಾಗ ಎಲ್ಲರೂ ನಗುತ್ತಾರೆ. ನೀವೂ ನಕ್ಕಿರಬಹುದು. ನಾಲ್ಕು ತಿಂಗಳು ನಾನು ಆ ಹೋಟೆಲಿನ ಮೆಟ್ಟಿಲು ಹತ್ತಲಿಲ್ಲ.

ಕಳೆದ ವಾರ ಹತ್ತಿದೆ. ಎರಡು ಲೋಟ ಕಾಫಿ ತಂದು, ಒಂದನ್ನು ಅವನ ಮೇಜಿನ ಮೇಲಿಟ್ಟೆ.

“ತಪ್ಪಾತು ಭಾವ.”

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು ಒಂದು ಗುಟುಕು ಕುಡಿದ.

“ಸಕ್ಕರೆ ಹೆಚ್ಚಾತು,” ಎಂದ.

ನಾನು ಕಾದೆ. ಭಾವ ಎನ್ನಲಿಲ್ಲ. ಸರ್ ಎಂದೂ ಅನ್ನಲಿಲ್ಲ.