ಜಮಾದಾರರಿಗೊಂದು ಕುರ್ಚಿ

ಸನ್ಮಾನ ಮಾಡುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ವಾಡಿಯಲ್ಲಷ್ಟೇ ಅಲ್ಲ, ಅತ್ತ ಚಿತ್ತಾಪುರ, ಇತ್ತ ಶಹಾಬಾದಿನವರೆಗೂ ಯಾರೂ ಇಲ್ಲ. ಇದು ಜಂಬವಲ್ಲ, ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದೇನೆ. ನಾನು ನಮ್ಮ ಕಾಲೊನಿಯ ಮಹಿಳಾ ಮಂಡಳದ ಅಧ್ಯಕ್ಷೆಯಾದ ಮೇಲೆ ಶಾಲು ಹೊದೆಯದೆ ಉಳಿದವರೇ ಕಡಿಮೆ. ಅಂಚೆಯಣ್ಣನಿಗೆ ಹೊದಿಸಿದೆ. ದವಾಖಾನೆಯ ಸಿಸ್ಟರಿಗೆ ಹೊದಿಸಿದೆ. ಲೈನ್‌ಮನ್‌ಗೆ ಹೊದಿಸುತ್ತಿರುವಾಗಲೇ ಕರೆಂಟು ಹೋಗಿ, ಪಾಪ, ಅವನು ಹಾರ ಶಾಲುಗಳ ಸಮೇತ ಕಂಬ ಹತ್ತಬೇಕಾಯಿತು. ಅದಕ್ಕೆ ನಾನೇನು ಮಾಡಲಿ? ನನಗೆ ಶಾಲು ಹೊದಿಸುವ ಹುಚ್ಚು ಹಿಡಿದಿದೆ ಎಂದು ನಮ್ಮ ಮನೆಯವರು ಆಗಾಗ ಅನ್ನುತ್ತಾರೆ. ಸಿಮೆಂಟ್ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ದಣಿದು ಬಂದವರ ಮಾತನ್ನು ನಾನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ಆದರೆ ಈ ಸಲದ್ದು ಹುಚ್ಚಲ್ಲ, ಕೊಟ್ಟ ಮಾತು. ನಮ್ಮ ಪಕ್ಕದ ಮನೆಯ ಮಾಣಿಕಪ್ಪನವರು ಪೊಲೀಸ್ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್. ನಮ್ಮ ಕಡೆ ಜಮಾದಾರರು ಎನ್ನುತ್ತೇವೆ. ತಿಂಗಳ ಕೊನೆಗೆ ಅವರ ನಿವೃತ್ತಿ. ಆಮೇಲೆ ಸಾಮಾನು ಕಟ್ಟಿಕೊಂಡು ಚಿಂಚೋಳಿ ತಾಲೂಕಿನ ಐನಾಪುರಕ್ಕೆ, ತಮ್ಮ ಹೊಲಮನೆಗೆ, ಹೊರಡುವವರಿದ್ದರು. ಒಂದು ಮಧ್ಯಾಹ್ನ ಅವರ ಹೆಂಡತಿ ಕಾಶೀಬಾಯಕ್ಕ ನಮ್ಮ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಾ ಮಾತು ತೆಗೆದರು. ಜಾತ್ರೆಯಿರಲಿ, ಉರುಸಿರಲಿ, ಮಂತ್ರಿಗಳ ಭಾಷಣವಿರಲಿ, ಹೋದಲ್ಲೆಲ್ಲ ಗಂಡ ನಿಂತೇ ಇರುವುದಂತೆ. ಸ್ವಂತ ಮಗಳ ಮದುವೆಯಲ್ಲೂ, ಸಾಹೇಬರು ಬಂದರೆಂದು, ಅಕ್ಷತೆಯ ಹೊತ್ತಿನಲ್ಲಿ ಹೊರಗೆ ನಿಂತು ಗಾಡಿಗಳನ್ನು ಸಾಲಾಗಿ ಹಚ್ಚಿಸುತ್ತಿದ್ದರಂತೆ.

"ತಂಗಿ, ಆ ಖಾಕಿ ಡ್ರೆಸ್ ಮ್ಯಾಲ ಅವರು ಒಮ್ಮೆರೆ ನಾಕ ಮಂದಿ ಮುಂದ ಕುರ್ಚಿಗಿ ಕುಂತದ್ದು ನೋಡಬೇಕಂತ ಭಾಳ ಆಸೆ ಅದ. ಇನ್ನೊಂದ್ ವಾರಕ್ಕ ಡ್ರೆಸ್ಸೇ ಇರಂಗಿಲ್ಲ" ಎಂದರು.

ರಾತ್ರಿ ಹಗಲು ನಮಗಾಗಿ ನಿಂತವರನ್ನು ಒಂದು ಗಳಿಗೆ ಕೂರಿಸಲಾರದ ಊರು ಎಂಥ ಊರು? "ಅಕ್ಕಾ, ಬರೋ ಐತಾರ ಕುಂದ್ರಸ್ತೀನಿ. ಅದು ನನ್ನ ಜಿಮ್ಮೇದಾರಿ" ಎಂದುಬಿಟ್ಟೆ.

ಯೋಜನೆ ಸರಳವಾಗಿತ್ತು. ಜಮಾದಾರರೊಬ್ಬರನ್ನೇ ಕರೆದರೆ ಅವರು ನಾಚಿಕೊಂಡು ತಪ್ಪಿಸಿಕೊಳ್ಳುತ್ತಾರೆ. ಆದ್ದರಿಂದ ಠಾಣೆಯವರಿಗೆಲ್ಲ ಸನ್ಮಾನ, ಇವರಿಗೆ ನಡುವಿನ ದೊಡ್ಡ ಕುರ್ಚಿ, ಅದೂ ಕೊನೇ ಗಳಿಗೆಯವರೆಗೆ ಗುಟ್ಟು. ಮಾರನೆಯ ದಿನವೇ ರೇಷ್ಮೆ ಸೀರೆ ಉಟ್ಟು ಠಾಣೆಗೆ ಹೋದೆ. ಠಾಣೆಯ ಸಾಹೇಬರು ಹೊಸಬರು, ಮೈಸೂರು ಕಡೆಯ ಹುಡುಗ, ಬಹಳ ವಿನಯ. ಬಾಗಿಲ ಹತ್ತಿರ ನಮ್ಮ ಮಾಣಿಕಪ್ಪನವರೇ ನಿಂತಿದ್ದರು. ನಿಂತಿರದೆ ಇನ್ನೇನು! ಹಾಗಾಗಿ ನಾನು ಮಾತನ್ನು ಮುಚ್ಚಿ ಮರೆಸಿ ಆಡಬೇಕಾಯಿತು.

"ಸರ್, ಐತಾರ ಸಂಜಿಮುಂದ ನಮ್ಮ ಸಮುದಾಯ ಭವನದಾಗ ಒಬ್ಬರು ಭಾಳ ದೊಡ್ಡ ಮನುಷ್ಯಾರಿಗೆ ಸನ್ಮಾನ ಅದರಿ. ನೀವು, ನಿಮ್ಮ ಸ್ಟಾಫ್, ಎಲ್ಲಾರೂ ಬರಬೇಕು. ಬಂದೋಬಸ್ತಿನಾಗ ಏನೂ ಕಮ್ಮಿ ಆಗಬಾರ್ದು ಅಂತ ಮಾಡೀನಿ."

ಸಾಹೇಬರು ನೆಟ್ಟಗೆ ಕೂತರು. ದೊಡ್ಡ ಮನುಷ್ಯರೆಂದರೆ ಯಾರು ಎಂದು ಕೇಳಿದರು. ನಾನು ಬಾಗಿಲ ಕಡೆ ಕಣ್ಣು ಹೊರಳಿಸಿ, ದನಿ ಇಳಿಸಿ, ಹೆಸರು ಈಗ ಹೇಳುವಂತಿಲ್ಲ ಎಂದೆ. ಅವರೂ ದನಿ ಇಳಿಸಿ "ಅರ್ಥವಾಯ್ತು ಮೇಡಂ" ಎಂದರು. ಎಷ್ಟು ಚುರುಕು ಹುಡುಗ ಎಂದುಕೊಂಡೆ. ಏಳುವಾಗ, ಮಾಣಿಕಪ್ಪ ಜಮಾದಾರರನ್ನು ಮಾತ್ರ ಬಿಡಬಾರದು, ಅವರ ಜಾಗವೇ ಎಲ್ಲಕ್ಕಿಂತ ಮುಖ್ಯ ಎಂದು ಒತ್ತಿ ಹೇಳಿದೆ. ಅದಕ್ಕೂ ಅವರು ಗಂಭೀರವಾಗಿ ತಲೆಯಾಡಿಸಿದರು.

ರವಿವಾರ ಬಂತು. ಸಮುದಾಯ ಭವನದ ವೇದಿಕೆಯ ಮೇಲೆ ಕುರ್ಚಿಗಳಿಗೆಲ್ಲ ಹೊಸ ಬಟ್ಟೆ ತೊಡಿಸಿದೆ. ನಡುವಿನ ಕುರ್ಚಿಗೆ ಮಲ್ಲಿಗೆ ಮಾಲೆ. ಕಾಶೀಬಾಯಕ್ಕನನ್ನು ಇಳಕಲ್ಲ ಸೀರೆ ಉಡಿಸಿ ಮೊದಲೇ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದೆ. ಹೊರಗೆ ಇಣುಕಿದರೆ ಪೊಲೀಸರು ಆಗಲೇ ಬಂದಿದ್ದಾರೆ! ಸನ್ಮಾನವೆಂದರೆ ಯಾರಿಗೆ ತಾನೆ ಆಸೆಯಿಲ್ಲ ಎಂದು ಒಳಗೊಳಗೇ ನಕ್ಕೆ. ಸ್ವಲ್ಪ ಹೊತ್ತಿಗೆ ಚಿತ್ತಾಪುರದ ಕಡೆಯಿಂದ ಒಂದು ಪೊಲೀಸ್ ವ್ಯಾನು ಬಂತು. ಹಿಂದೆಯೇ ಶಹಾಬಾದಿನ ಕಡೆಯಿಂದ ಒಂದು ಜೀಪು. ನನ್ನ ಕೀರ್ತಿ ಅಷ್ಟು ದೂರ ಹೋಗಿದೆಯೆಂದು ನನಗೇ ಗೊತ್ತಿರಲಿಲ್ಲ.

ಬಂದವರು ಒಳಗೆ ಮಾತ್ರ ಬರಲೊಲ್ಲರು. ಗೇಟಿಗೆ ಹಗ್ಗ ಕಟ್ಟಿದರು. ನಮ್ಮ ಮಂಡಳದ ಹೆಣ್ಣುಮಕ್ಕಳ ಕೈಚೀಲ ತೆರೆಸಿ ನೋಡಿದರು. ಹಾರದ ಬುಟ್ಟಿಯಲ್ಲಿ ಕೋಲು ಆಡಿಸಿದರು. ಅಷ್ಟರಲ್ಲಿ ನಮ್ಮ ಮನೆಯವರ ಫೋನು.

"ನಿನ್ನ ಬಂದೋಬಸ್ತ್ ಭಾಳ ಚಲೋ ಆಗ್ಯದ. ಬುಂದಿ ಡಬರಿ ಹಿಡ್ಕೊಂಡು ಗೇಟಿನಾಗ ನಿಂತೀನಿ, ಒಳಗ ಬಿಡವಲ್ರು" ಎಂದರು.

ಓಡಿ ಹೋದೆ. ಸಾಹೇಬರು ವಾಕಿಟಾಕಿ ಹಿಡಿದು ನಿಂತಿದ್ದರು. ಒಳಗೆ ಬಂದು ಕೂಡಿರೆಂದು ಬೇಡಿಕೊಂಡೆ. ಗಣ್ಯರು ಬರಲಿ, ಆಮೇಲೆ ನೋಡೋಣ ಎಂದರು. ನನಗೆ ನಗು ಬಂತು. "ಗಣ್ಯರು ಬಂದಾರಲ್ರಿ ಸರ್. ಬಂದು ಭಾಳ ಹೊತ್ತಾತು" ಎಂದೆ.

ಆಡಬಾರದ ಮಾತು ಆಡಿದ್ದೆ. ಸಾಹೇಬರ ಮುಖ ಬಿಳುಪೇರಿತು. ವಾಕಿಟಾಕಿ ಕಿರುಚತೊಡಗಿತು. ಗಣ್ಯರು ಯಾವ ಬಾಗಿಲಿನಿಂದ ಒಳಹೊಕ್ಕರು, ಯಾರು ಬಿಟ್ಟರು, ಯಾರೂ ನೋಡಲಿಲ್ಲವೇ ಎಂದು ಪೊಲೀಸರೆಲ್ಲ ಬೂಟು ಸದ್ದು ಮಾಡುತ್ತಾ ಭವನಕ್ಕೆ ನುಗ್ಗಿದರು. ಪರದೆ ಸರಿಸಿ ನೋಡಿದರು, ಅಡುಗೆ ಕೋಣೆಯಲ್ಲಿ ನೋಡಿದರು. ಒಬ್ಬರಂತೂ ಮೇಜಿನ ಕೆಳಗೂ ಬಗ್ಗಿದರು. ಗಣ್ಯರು ಅಲ್ಲಿ ಯಾಕಿರುತ್ತಾರೆ? ಭಜಿ ಕರಿಯುತ್ತಿದ್ದ ನಮ್ಮ ಖಜಾಂಚಿ ಜಾಲರಿ ಸೌಟು ಹಿಡಿದೇ ಎರಡೂ ಕೈ ಮೇಲೆತ್ತಿದಳು.

ಆಗ ನಾನು ವೇದಿಕೆ ಹತ್ತಿ ನಿಜ ಹೇಳಬೇಕಾಯಿತು. ಗಣ್ಯರೆಂದರೆ ಬೇರೆ ಯಾರೂ ಅಲ್ಲ, ನೀವೇ ಎಂದೆ. ಸಾಹೇಬರು ಟೋಪಿ ತೆಗೆದು ಹಣೆ ಒರೆಸಿಕೊಂಡರು.

"ಮೇಡಂ, ನೀವೇ ಬಂದೋಬಸ್ತ್ ಅಂದ್ರಲ್ಲ?"

"ಅಂದೀನ್ರಿ. ಬುಂದಿ ಅದ, ಭಜಿ ಅದ, ಕುರ್ಚಿಗೆಲ್ಲಾ ಹೊಸ ಬಟ್ಟಿ ಹಾಕಿಸೀನಿ. ಇನ್ನ್ಯಾಂಗ ಮಾಡಬೇಕಿತ್ರಿ ಬಂದೋಬಸ್ತ್?"

ನಮ್ಮ ಕಡೆ ಮದುವೆಯ ಊಟಕ್ಕೂ ಬಂದೋಬಸ್ತ್, ಬೀಗರು ಮಲಗುವ ಹಾಸಿಗೆಗೂ ಬಂದೋಬಸ್ತ್. ಹೋಳಿಗೆಗೆ ತುಪ್ಪ ಸಾಲುವಷ್ಟಿದ್ದರೆ ಅದು ಪಕ್ಕಾ ಬಂದೋಬಸ್ತ್. ಮೈಸೂರು ಕಡೆ ಆ ಮಾತಿಗೆ ಲಾಠಿಯೊಂದೇ ಅರ್ಥವಾದರೆ ತಪ್ಪು ನನ್ನದೇ? ಮೊದಲು ನಕ್ಕವರು ಸಾಹೇಬರೇ. ಆಮೇಲೆ ಭವನಕ್ಕೆ ಭವನವೇ ನಕ್ಕಿತು.

ಕಾರ್ಯಕ್ರಮ ಶುರುವಾಯಿತು. ಮೂರೂ ಊರಿನ ಪೊಲೀಸರು ಸೇರಿದ್ದರಿಂದ ಶಾಲು ಸಾಲದೆ, ಕೊನೆಕೊನೆಗೆ ಇಬ್ಬಿಬ್ಬರನ್ನು ಒತ್ತಟ್ಟಿಗೆ ನಿಲ್ಲಿಸಿ ಒಂದೇ ಶಾಲು ಹೊದಿಸಿದೆ. ಹೊಸ ಮದುಮಕ್ಕಳ ಹಾಗೆ ಅವರೂ ನಾಚಿಕೊಂಡು ನಿಂತರು. ಎಲ್ಲವೂ ಸುಸೂತ್ರವೆನ್ನುವಾಗ ಕಾಶೀಬಾಯಕ್ಕನ ಮುಖ ನೋಡಿದೆ. ಅವರು ಮಲ್ಲಿಗೆ ಮಾಲೆಯ ಕುರ್ಚಿಯನ್ನೇ ನೋಡುತ್ತಿದ್ದರು. ಅದು ಖಾಲಿಯಿತ್ತು.

ಜಮಾದಾರರೆಲ್ಲಿ ಎಂದು ಕೇಳಿದರೆ ಸಾಹೇಬರು ತಲೆ ತಗ್ಗಿಸಿದರು. ಅವರ ಜಾಗವೇ ಮುಖ್ಯ ಎಂದು ನಾನು ಹೇಳಿದ್ದೆನಲ್ಲ, ಅದಕ್ಕೇ ಅವರನ್ನು ಎಲ್ಲಕ್ಕಿಂತ ಮುಖ್ಯವಾದ ಜಾಗಕ್ಕೆ, ರಾವೂರ ಕ್ರಾಸಿಗೆ, ಹಾಕಿದ್ದರಂತೆ! ಗುಟ್ಟು ಬಿಡಬೇಡಿರೆಂದು ನಾನು ಸನ್ನೆ ಮಾಡಿದ್ದರಿಂದ, ಬರಬೇಕೆಂದಷ್ಟೇ ವಾಕಿಟಾಕಿಯಲ್ಲಿ ಕರೆದರು. ತಮ್ಮ ಜಾಗಕ್ಕೆ ಇನ್ನೊಬ್ಬರು ಬರದೆ ಪಾಯಿಂಟ್ ಬಿಡುವುದಿಲ್ಲ ಎಂದು ಉತ್ತರ ಬಂತು. ಕಳಿಸೋಣವೆಂದರೆ ಉಳಿದವರೆಲ್ಲ ಒಂದೊಂದು ಶಾಲಿನಲ್ಲಿ ಇಬ್ಬಿಬ್ಬರಂತೆ ಸಿಕ್ಕಿಕೊಂಡು ಭಜಿ ತಿನ್ನುತ್ತಿದ್ದರು.

ಕಾಶೀಬಾಯಕ್ಕ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಎದ್ದರು. "ಇರ್ಲಿ ಬಿಡು ತಂಗಿ. ಅವರ ಹಣ್ಯಾಗ ಕುಂದ್ರೋದು ಬರದಿಲ್ಲ" ಎಂದರು. ನನಗೆ ಸಿಟ್ಟು ಬಂತು, ನನ್ನ ಮೇಲೆಯೇ. ಅಷ್ಟು ಸುಲಭಕ್ಕೆ ಸೋಲುವವಳು ನಾನಲ್ಲ. ಜಮಾದಾರರು ಕುರ್ಚಿಗೆ ಬರದಿದ್ದರೆ ಕುರ್ಚಿಯೇ ಜಮಾದಾರರ ಹತ್ತಿರ ಹೋಗಲಿ! ಮಾಲೆಯ ಸಮೇತ ಅದನ್ನು ತಲೆಯ ಮೇಲಿಟ್ಟುಕೊಂಡು ನಮ್ಮ ಮನೆಯವರ ಬೈಕಿನ ಹಿಂದೆ ಕೂತೆ. ಸಾಹೇಬರು ಕಾಶೀಬಾಯಕ್ಕನನ್ನು ಜೀಪಿನಲ್ಲಿ ಕೂರಿಸಿಕೊಂಡು ಹಿಂದೆ ಬಂದರು.

ಕ್ರಾಸಿನಲ್ಲಿ ಕಲ್ಲು ತುಂಬಿದ ಲಾರಿಗಳು ಎರಡೂ ಕಡೆ ಸಾಲುಗಟ್ಟಿದ್ದವು. ಇಲ್ಲದ ಗಣ್ಯರ ಗಾಡಿಗಾಗಿ ರಸ್ತೆ ಖಾಲಿ ಇಟ್ಟು, ಮೈಯೆಲ್ಲ ಧೂಳಾಗಿ, ಮಾಣಿಕಪ್ಪನವರು ನಟ್ಟನಡುವೆ ನಿಂತಿದ್ದರು. ನಾನು ಅವರ ಪಕ್ಕದಲ್ಲಿ ಕುರ್ಚಿ ಹಾಕಿ ಕೂಡಿರಿ ಎಂದೆ. ಅವರು ಗಾಬರಿಯಾದರು.

"ಡ್ಯೂಟಿ ಮ್ಯಾಲ ಹ್ಯಾಂಗ ಕುಂದ್ರಲಿ ತಂಗಿ? ದೊಡ್ಡವರ ಗಾಡಿ ಬರೋದದ."

"ಆ ದೊಡ್ಡವರು ನೀವೇರಿ" ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಜೀಪಿನಿಂದಿಳಿದ ಸಾಹೇಬರು ಹತ್ತಿರ ಬಂದು ಸೆಲ್ಯೂಟ್ ಹೊಡೆದರು. "ಮಾಣಿಕಪ್ಪನವರೇ, ಕೂತ್ಕೊಳ್ಳಿ. ಇದು ಆರ್ಡರ್" ಎಂದರು.

ಜಮಾದಾರರು ಕೂತರು. ಹೆಣ್ಣು ನೋಡಲು ಬಂದ ವರನ ಹಾಗೆ ಕುರ್ಚಿಯ ತುದಿಗೆ, ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು ಕೂತರು. ಲಾರಿಯವರು ಇಳಿದು ಬಂದು ಸುತ್ತ ನಿಂತು ಚಪ್ಪಾಳೆ ತಟ್ಟಿದರು. ಕಾಶೀಬಾಯಕ್ಕ ಗಂಡನ ಭುಜದ ಧೂಳು ಕೊಡವಿ, ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ತುಂಬಾ ನೋಡಿದರು. ನಾನಂತೂ ಅತ್ತೇಬಿಟ್ಟೆ.

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಹಿಂದಿನ ಲಾರಿಗಳು ಹಾರ್ನು ಹಾಕತೊಡಗಿದವು, ಜಮಾದಾರರ ಕಾಲು ಚಡಪಡಿಸಿತು. ಅವರು ನಿಶ್ಚಿಂತೆಯಿಂದ ಕೂತಿರಲೆಂದು, ಸಾಹೇಬರು ಬೇಡ ಬೇಡ ಎನ್ನುತ್ತಿದ್ದರೂ, ನಾನು ಅವರ ಕೈಯಿಂದ ಸೀಟಿ ತೆಗೆದುಕೊಂಡೆ. ಮಹಿಳಾ ಮಂಡಳ ನಡೆಸುವವಳಿಗೆ ನಾಲ್ಕು ಲಾರಿ ನಡೆಸುವುದು ಯಾವ ಲೆಕ್ಕ? ರಸ್ತೆಯ ನಡುವೆ ನಿಂತು ಸೀಟಿ ಊದಿ ಎರಡೂ ಕೈ ಬೀಸಿದೆ. ಎರಡೂ ಕಡೆಯ ಲಾರಿಗಳು ಒಟ್ಟಿಗೇ ಹೊರಟವು. ಅತ್ತ ಹತ್ತಿ ಹೇರಿದ ಟ್ರ್ಯಾಕ್ಟರ್ ಅಡ್ಡ ಬಂತು, ಇತ್ತ ಬಸ್ಸು ಮೂತಿ ತೂರಿಸಿತು. ಗಾಬರಿಯಲ್ಲಿ ಇನ್ನೂ ಜೋರಾಗಿ ಊದಿದೆ. ಆಮೇಲೆ ಸೇಡಂ ಬಸ್ಸಿನ ಡ್ರೈವರು ನನ್ನ ಬಗ್ಗೆ ಆಡಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ಮಾಣಿಕಪ್ಪನವರು ಕುರ್ಚಿಯಿಂದ ಜಿಗಿದೆದ್ದರು. ಸೀಟಿ ಕಸಿದುಕೊಂಡು, ಒಂದು ಲಾರಿಯನ್ನು ಹಿಂದೆ ಸರಿಸಿ, ಒಂದನ್ನು ಪಕ್ಕಕ್ಕೆ ಹಚ್ಚಿ, ನೋಡನೋಡುತ್ತಿದ್ದಂತೆ ದಾರಿ ಬಿಡಿಸಿದರು. ಸರಿಯಾಗಿ ಎರಡು ಫೋಟೋ ತೆಗೆಯುವಷ್ಟು ಹೊತ್ತೂ ಅವರು ಕೂತಿರಲಿಲ್ಲ. ನಾನು ಕಾಶೀಬಾಯಕ್ಕನ ಮುಂದೆ ಕೈ ಮುಗಿದು ನಿಂತೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

"ಕುಂತದ್ದು ನೋಡಿದೆ, ನನಗಷ್ಟೇ ಸಾಕು. ಖರೇ ಹೇಳ್ಬೇಕಂದ್ರ ನಿಂತಾಗೇ ಛಂದ ಕಾಣ್ತಾರ ತಂಗಿ" ಎಂದರು.

ಅಷ್ಟರಲ್ಲಿ ಸಾಹೇಬರು ಬಂದು ಬಹಳ ವಿನಯದಿಂದ ನನ್ನನ್ನು ರಸ್ತೆಯ ಅಂಚಿಗೆ ಕರೆದೊಯ್ದರು. ಖಾಲಿಯಾಗಿದ್ದ ಕುರ್ಚಿ ತರಿಸಿ ನನ್ನನ್ನೇ ಅದರ ಮೇಲೆ ಕೂರಿಸಿದರು. ಆಮೇಲೆ ಜೀಪಿನ ಡ್ರೈವರನ್ನು ಕರೆದು ನನ್ನ ಪಕ್ಕದಲ್ಲಿ ನಿಲ್ಲಿಸಿ, ಲಾರಿಗಳೆಲ್ಲ ಹೋಗುವ ತನಕ ಈ ಮೇಡಂ ಏಳದಂತೆ ನೋಡಿಕೊಳ್ಳಿ ಎಂದರು. ನಾನು ಏಳಲಿಲ್ಲ.