ನಮ್ಮ ಮಾವನ ಇಂಟರ್‌ನೆಟ್ ಬಟವಾಡೆ

ನಮ್ಮ ಮಾವನಿಗೆ ಇಡೀ ಪ್ರಪಂಚದಲ್ಲಿ ಅಪರಿಚಿತರು ಅಂತ ಯಾರೂ ಇಲ್ಲ, ಅವರ ಮನೆಯವರನ್ನು ಬಿಟ್ಟು! ಈ ಮಾತು ನನ್ನದಲ್ಲ, ನಮ್ಮ ಅತ್ತೆಯದು. ನಾನು ಬರೀ ಸಾಕ್ಷಿ.

ಮಾವ ಮಾಡದಕೆರೆಯ ಸುತ್ತಮುತ್ತ ಮೂವತ್ತು ವರ್ಷ ಸೈಕಲ್ ತುಳಿದು ಟಪಾಲು ಹಂಚಿದವರು. ಒಂದೇ ಒಂದು ಕಾಗದವನ್ನೂ ಕಳೆದವರಲ್ಲ. ವಿಳಾಸದ ಜಾಗದಲ್ಲಿ ಬರೀ 'ಬೇವಿನ ಮರದ ಮನೆ ಅಜ್ಜಿಗೆ' ಎಂದಿದ್ದರೂ ಅದು ಅಜ್ಜಿಯ ಕೈಗೇ ಹೋಗುತ್ತಿತ್ತು. ಇಂಥವರು ನಿವೃತ್ತರಾದ ವರ್ಷವೇ ಹೊಸದುರ್ಗದ ಬಸ್ ಸ್ಟ್ಯಾಂಡಿನ ಹಿಂದೆ ಯಾರೋ ಸೈಬರ್ ಸೆಂಟರ್ ತೆರೆಯಬೇಕೆ? ಮಾವ ಅಲ್ಲಿ ಕೂತು, ಇಂಟರ್‌ನೆಟ್ಟಿನಲ್ಲಿ ಕರೆದ ಕಡೆಯಲ್ಲೆಲ್ಲ ಸೇರಿಕೊಂಡರು. ಮೂರು ಇಮೇಲು, ನಾಲ್ಕು ಸ್ನೇಹದ ತಾಣ, ಸಾಲದ್ದಕ್ಕೆ ವಧು-ವರರ ತಾಣವೊಂದು.

"ಅದಕ್ಯಾಕೆ ಸೇರಿದ್ರಿ ಮಾವ?" ಎಂದು ಕೇಳಿದೆ.

"ಕರದ್ರು, ಹೋದೆ. ಕರದಾಗ ಹೋಗ್ದಿದ್ರೆ ಚೆನ್ನಾಗಿರ್ತೈತಾ?"

ಒಳಗಿನಿಂದ ಅತ್ತೆ, "ಹೆಣ್ಣು ಗೊತ್ತಾದ ಮ್ಯಾಲೆ ಹೇಳ್ರಿ, ಅಕ್ಷತೆ ಹಾಕಾಕೆ ನಾನೂ ಬರ್ತೀನಿ" ಎಂದರು.

ಸಂದೇಶ ಬಂದ ಮೇಲೆ ತಲುಪಿಸಲೇಬೇಕು ಎಂಬುದು ಮಾವನ ಧರ್ಮ. ಒಮ್ಮೆ 'ಇದನ್ನು ಹತ್ತು ಜನರಿಗೆ ಕಳಿಸಿ, ಒಳ್ಳೆಯದಾಗುತ್ತದೆ' ಎಂದು ಬಂತು. ನಾವಾದರೆ ಒಂದು ಗುಂಡಿ ಒತ್ತಿ ಕೈ ತೊಳೆದುಕೊಳ್ಳುತ್ತೇವೆ. ಮಾವ ಹತ್ತು ಚೀಟಿ ಕೈಯಾರೆ ಬರೆದು, ಸೈಕಲ್ ಮೇಲೆ ಹತ್ತು ಮನೆಗೆ ಮುಟ್ಟಿಸಿ ಬಂದರು. ಮರುದಿನ ಆ ಹತ್ತು ಮನೆಯವರೂ, "ನಮಗೂ ಹತ್ತತ್ತು ಬರಕೊಡ್ರಿ" ಎಂದು ಇವರ ಜಗಲಿಯಲ್ಲೇ ಬಂದು ಕುಳಿತರು! ಎರಡು ದಿನ ಮನುಷ್ಯನಿಗೆ ಊಟಕ್ಕೂ ಪುರುಸೊತ್ತಿರಲಿಲ್ಲ.

ಇನ್ನೊಮ್ಮೆ ಭರಮಸಾಗರದ ಯಾರೋ ತಾಣದಲ್ಲಿ 'ನಮ್ಮ ಗೃಹಪ್ರವೇಶ, ಎಲ್ಲರೂ ಬನ್ನಿ' ಎಂದು ಹಾಕಿದ್ದರು. ನಮ್ಮ ಕಡೆ ಮನೆಗೆ ಬಂದು ಕುಂಕುಮವಿಟ್ಟು ಕರೆಯದಿದ್ದರೆ ಒಡಹುಟ್ಟಿದವರೂ ಹೋಗುವುದಿಲ್ಲ, ಅದು ಬೇರೆ ಮಾತು. ಮಾವ ಬಸ್ ಬದಲಿಸಿಕೊಂಡು, ಐದು ತೆಂಗಿನಕಾಯಿ ಹೊತ್ತುಕೊಂಡು ಹೋದರು. ಯಜಮಾನ ಇವರನ್ನು ಹೆಂಡತಿ ಕಡೆಯವರೆಂದುಕೊಂಡ, ಹೆಂಡತಿ ಗಂಡನ ಕಡೆಯವರೆಂದುಕೊಂಡಳು. ಮೊದಲ ಪಂಕ್ತಿಯಲ್ಲೇ ಕೂರಿಸಿ ಹೋಳಿಗೆ ಬಡಿಸಿ, ಬರುವಾಗ ಟವೆಲ್ಲನ್ನೂ ಹೊದಿಸಿ ಕಳಿಸಿದರಂತೆ.

ಹೀಗೇ ನಗುತ್ತಾ ಇರಬಹುದಿತ್ತು. ಆದರೆ ಮಾವನ ಮಗಳು ಮಂಜುಳಾಳ ಕಾಗದ ಇದರಲ್ಲಿ ಸಿಕ್ಕಿಕೊಂಡಿತು. ಅವಳು ನರ್ಸಿಂಗ್ ಮುಗಿಸಿ ಎರಡು ವರ್ಷ ಕೆಲಸವಿಲ್ಲದೆ ಮನೆಯಲ್ಲಿದ್ದಳು. ಚಿತ್ರದುರ್ಗದ ಆಸ್ಪತ್ರೆಯೊಂದಕ್ಕೆ ಅವಳ ಅರ್ಜಿಯನ್ನು ಮಾವನೇ ಸೈಬರಿನಲ್ಲಿ ಕೂತು ತುಂಬಿ, ತಮ್ಮದೇ ಇಮೇಲ್ ವಿಳಾಸ ಕೊಟ್ಟಿದ್ದರು. ಕಾಗದದ ವಿಷಯದಲ್ಲಿ ಅಪ್ಪನಿಗಿಂತ ನಂಬಿಗಸ್ಥರು ಅವಳಿಗೆ ಇನ್ಯಾರಿದ್ದರು?

ಒಂದು ಸೋಮವಾರ ಹಿರಿಯೂರಿನ ಗೆಳತಿ ಫೋನ್ ಮಾಡಿದಳು. "ಇಂಟರ್‌ವ್ಯೂ ಕಾಗ್ದ ಎಲ್ರಿಗೂ ಬಂದೈತೆ ಕಣೆ, ನಿಂಗೆ ಬಂದಿಲ್ವಾ? ನಂದು ಇವತ್ತೇ ಮುಗೀತು. ಗುರುವಾರದ ತನಕ ಅಷ್ಟೆ. ಕಾಗ್ದ ಇಲ್ದೆ ಒಳಗೆ ಬಿಡಲ್ಲ."

ಮೂರು ಇಮೇಲುಗಳಲ್ಲಿ ಯಾವುದನ್ನು ಕೊಟ್ಟಿದ್ದೆನೆಂದು ಮಾವನಿಗೇ ನೆನಪಿರಲಿಲ್ಲ. ಮಂಜುಳಾ ಬೈಯಲಿಲ್ಲ, ಅಳಲಿಲ್ಲ. ಅಪ್ಪನ ಜೊತೆ ಮಾತು ಬಿಟ್ಟಳು, ಅಷ್ಟೆ.

ಸೋಮವಾರ, ಮಂಗಳವಾರ ಎರಡೂ ದಿನ ಮಾವ ಒಬ್ಬರೇ ಸೈಬರಿಗೆ ಹೋಗಿ ಬರಿಗೈಯಲ್ಲಿ ಬಂದರು. ಬುಧವಾರ ಬೆಳಿಗ್ಗೆ ನಾನೂ ಜೊತೆಗೆ ಹೋದೆ. ನೋಡಿದರೆ, ಬಿಚ್ಚದ ಸಂದೇಶಗಳೇ ಎಂಟುನೂರಕ್ಕೂ ಹೆಚ್ಚು! ಮಾವ ತೀರ ಹಳೆಯದರಿಂದ ಶುರುಮಾಡಿ, ಯಾರೋ ಕಳಿಸಿದ್ದ ಶುಭೋದಯಕ್ಕೆ ಕ್ಷೇಮ ಸಮಾಚಾರ ಬರೆಯುತ್ತಾ ಕುಳಿತಿದ್ದರು.

"ಮಾವ, ಇದನ್ನೆಲ್ಲ ಬಿಡ್ರಿ."

"ಹಂಗ್ ಬಿಡಾಕಾಗ್ತೈತಾ? ಪಾಪ, ಯಾರೋ ಕುಂತ್ಕಂಡು ಬರದಿರ್ತಾರೆ. ಮೊದ್ಲು ಬಂದಿದ್ದು ಮೊದ್ಲು."

ನನಗೆ ತಲೆ ಕೆಟ್ಟಿತು. "ಪೋಸ್ಟಾಫೀಸಲ್ಲಿ ಟಪಾಲು ಚೀಲ ಬಿಚ್ಚಿದ್ ಕೂಡ್ಲೆ ನೀವು ಒಂದೊಂದೇ ಕಾಗ್ದ ಓದ್ತಾ ಕೂರ್ತಿದ್ರಾ?"

ಮಾವನಿಗೆ ಸಿಟ್ಟೇ ಬಂತು. "ಏನಪ್ಪ ಹಿಂಗ್ ಮಾತಾಡ್ತೀಯ? ಕಂಡೋರ ಕಾಗ್ದ ನಾನ್ಯಾಕೆ ಓದ್ಲಿ? ಎಲ್ಲಿಂದ, ಯಾರಿಗೆ ಅಂತ ನೋಡಾದು, ಖಾನೆಗೆ ಹಾಕಾದು, ಅಷ್ಟೇ."

ಹೇಳುತ್ತಲೇ ಕೀಲಿಮಣೆಯಿಂದ ಕೈ ತೆಗೆದರು. ಪರದೆಯನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಆಮೇಲೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

ಅಂಥ ವೇಗವನ್ನು ನಾನು ಸೈಬರಿನ ಹುಡುಗರಲ್ಲೂ ಕಂಡಿರಲಿಲ್ಲ. ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿಕೊಂಡು ಮೌಸ್ ಒತ್ತುವವರನ್ನಂತೂ ಆಮೇಲೂ ಕಂಡಿಲ್ಲ! ಯಾವುದನ್ನೂ ಬಿಚ್ಚದೆ, ಕಳಿಸಿದವರ ಹೆಸರನ್ನಷ್ಟೇ ನೋಡುತ್ತಾ ಹೋದರು. "ಶುಭೋದಯದೋರು, ಆಮೇಲೆ. ಲಾಟರಿಯೋರು, ಒಲೆಗೆ. ಗಂಡಿನ ಕಡೆಯೋರು... ಪಾಪ, ನಾಳಿದ್ದು ಉತ್ತರ ಬರಿಯಾಣ." ಅರ್ಧ ಗಂಟೆಯಲ್ಲಿ ಎರಡು ಇಮೇಲು ಖಾಲಿಯಾದವು. ಮೂರನೆಯದರಲ್ಲಿ ಆಸ್ಪತ್ರೆಯ ಹೆಸರು ಕಾಣಿಸಿತು. ಬಂದು ಹನ್ನೆರಡು ದಿನವಾಗಿತ್ತು. ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಬರಬೇಕು ಎಂದಿತ್ತು. ಅಂದರೆ ಮರುದಿನವೇ.

ಪ್ರಿಂಟ್ ತೆಗೆಸಿಕೊಂಡೆವು. "ಫೋನ್ ಮಾಡಿ ಹೇಳಾಣ" ಎಂದೆ ನಾನು. ಮಾವ ಬೇಡವೆಂದರು. ಪಕ್ಕದ ಅಂಗಡಿಯಲ್ಲಿ ಲಕೋಟೆ ಕೊಂಡು, ಕಾಗದವನ್ನು ಮಡಚಿಟ್ಟು ಅಂಟಿಸಿ, ಮೇಲೆ ಗುಂಡಗೆ ಮಗಳ ಹೆಸರು ಬರೆದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು.

ಮನೆ ಮುಟ್ಟಿದರೂ ಒಳಗೆ ಹೋಗಲಿಲ್ಲ. ಹೊಸ್ತಿಲ ಆಚೆಯೇ ನಿಂತು, "ಪೋಸ್ಟ್" ಎಂದು ಕೂಗಿದರು. ಮಂಜುಳಾ ಹೊರಗೆ ಬಂದಳು. ಲಕೋಟೆ ಒಡೆದು ಓದಿದಳು. ಓದಿದ್ದನ್ನೇ ಮತ್ತೊಮ್ಮೆ ಓದಿದಳು.

"ಮೂವತ್ತು ವರ್ಷ ಕಣವ್ವ" ಎಂದರು ಮಾವ. "ಎಲ್ರ ಮನೆಗೂ ಕೆಲ್ಸದ ಕಾಗ್ದ ಕೊಟ್ಟು, ಅವ್ರು ಕೊಟ್ಟ ಸಕ್ಕರೆ ಬಾಯಿಗ್ ಹಾಕ್ಕಂಡು ಬರ್ತಿದ್ದೆ. ನಮ್ಮನೆಗೂ ಒಂದು ಕೊಡ್ಬೇಕು ಅಂತ ಭಾಳ ಆಸೆ ಇತ್ತು. ಬಂದಿದ್ದನ್ನ ನಾನೇ ಹನ್ನೆರಡು ದಿನ ಇಟ್ಕಂಡು ಕುಂತಿದ್ನಲ್ಲವ್ವ."

ನನ್ನ ಕಣ್ಣೂ ತುಂಬಿತು. ಮಂಜುಳಾ ಸರಕ್ಕನೆ ಒಳಗೆ ಹೋದಳು. ಮುನಿಸು ಇಳಿದಿಲ್ಲವೆಂದುಕೊಂಡು ಮಾವ ತಲೆ ತಗ್ಗಿಸಿ ನಿಂತರು. ಅವಳು ತಿರುಗಿ ಬಂದಾಗ ಅಂಗೈಯಲ್ಲಿ ಸಕ್ಕರೆ ಇತ್ತು.

"ಬಾಯಿ ತಗಿ ಅಪ್ಪಾಜಿ" ಎಂದಳು. "ನಾಳೆ ಚಿತ್ರದುರ್ಗಕ್ಕೆ ನನ್ ಜೊತೆ ನೀನೂ ಬರ್ಬೇಕು."